ಬಲಗಣ್ಣಿನ ಹೊಗೆ

ಮೊಳಕಾಲ್ಮೂರಿನ ಮನೆಯಲ್ಲಿ ಮಗ್ಗದ ಮುಂದೆ ಗುನುಗುತ್ತ ಕೂತಿದ್ದಾಗ ನನ್ನ ಬಲಗಣ್ಣಿಗೆ ಮೊದಲ ಸಲ ಹೊಗೆ ಕಂಡಿತು. ಒಲೆಯದಿರಬೇಕೆಂದು ಕಿಟಕಿ ತೆರೆದೆ. ಹೋಗಲಿಲ್ಲ. ಎಡಗಣ್ಣು ಮುಚ್ಚಿದರೆ ರೇಷ್ಮೆ ಎಳೆಗಳೆಲ್ಲ ಕಲಸಿಹೋಗುತ್ತಿದ್ದವು.

ಅವ್ವನ ಜೊತೆ ಚಳ್ಳಕೆರೆಯ ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋದೆ. ಕಣ್ಣೊಳಗೆ ಊತವಿದೆ ಎಂದು ಹನಿ ಕೊಟ್ಟರು. ಕಡಿಮೆಯಾಯಿತು, ಹನಿ ನಿಲ್ಲಿಸಿದ್ದೇ ಮತ್ತೆ ಬಂತು, ಮೊದಲಿಗಿಂತ ದಟ್ಟವಾಗಿ. ಆಗ ಅವರು ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸಿ, ಟಿಬಿ ಇದೆಯೇ ಎಂದು ನೋಡಲು ಮುಂಗೈಗೆ ಸಣ್ಣದೊಂದು ಸೂಜಿ ಹಾಕಿಸಿದರು. ಎದೆಯಲ್ಲಿ ಏನೂ ಇರಲಿಲ್ಲ. ಎರಡು ದಿನ ಬಿಟ್ಟು ತೋರಿಸಲು ಹೋಗುವಷ್ಟರಲ್ಲಿ ಸೂಜಿ ಹಾಕಿದ ಜಾಗ ಮಾತ್ರ ಕೆಂಪಗೆ ಗಟ್ಟಿಯಾಗಿ ಊದಿತ್ತು.

"ಕಣ್ಣಿಗೂ ಟಿಬಿ ಬರುತ್ತೆ," ಎಂದರು ಡಾಕ್ಟರಮ್ಮ. "ಕೆಮ್ಮು ಇರಲೇಬೇಕು ಅಂತಿಲ್ಲ. ಹಿಂದೆ ಮನೇಲಿ ಯಾರಿಗಾದ್ರೂ ಇತ್ತೇನಮ್ಮ?"

"ಯಾರಿಗೂ ಇಲ್ರಿ," ಎಂದಳು ಅವ್ವ, ನೆಲ ನೋಡುತ್ತ.

ಹಿಂತಿರುಗುವಾಗ ಬಸ್ಸಿನಲ್ಲಿ ಸೆರಗನ್ನು ಬಾಯಿಗೊತ್ತಿಕೊಂಡು ಕೂತಿದ್ದಳು. ಕೊಂಡ್ಲಹಳ್ಳಿಯವರು ಇಳಿದು ಅಕ್ಕಪಕ್ಕದ ಸೀಟು ಖಾಲಿಯಾದ ಮೇಲೆ ಮೆಲ್ಲಗೆ ಹೇಳಿದಳು: "ನನ್ನ ತಮ್ಮಗೆ ಇತ್ತು ಕಣಪ್ಪ. ನಮ್ಮನೇಲೇ ಇದ್ದ. ನೀನಾಗ ಕೂಸು, ಅವನೇ ಎತ್ತಿ ಆಡಿಸ್ತಿದ್ದ."

ನನಗೊಬ್ಬ ಸೋದರಮಾವ ಇದ್ದನೆಂದೇ ಗೊತ್ತಿರಲಿಲ್ಲ. ಅವನ ಒಂದು ಫೋಟೊ ಕೂಡ ಮನೆಯಲ್ಲಿಲ್ಲ.

"ಕೆಮ್ಮು ಬರೋಕ್ ಮುಂಚೆ ಅವನೂ ಕಣ್ಣಾಗೆ ಹೊಗೆ ಐತೆ ಅಂತಿದ್ದ. ಯಾರೂ ಕಿವಿಗೆ ಹಾಕ್ಕೊಳ್ಳಿಲ್ಲ. ನೀನೂ ಅದೇ ಮಾತು ಅಂದಾಗ ಅವನೇ ಬಂದು ಕುಂತಂಗಾತು."

"ಆಮೇಲೆ?"

"ಹಿತ್ಲ ಕೋಣೇಲಿ ಮಲಗಿಸಿದ್ವಿ. ಊಟ ಬಾಗ್ಲತ್ರ ಇಡ್ತಿದ್ದೆ. ಅಕ್ಕಾ ಅಂತ ಕರೀತಿದ್ದ. ನಿಮ್ಮಜ್ಜಿ ನನ್ನ ಒಳಗೆ ಹೋಗೋಕ್ ಬಿಡ್ತಿರ್ಲಿಲ್ಲ. ಅಲ್ಲೇ ಜೀವ ಬಿಟ್ಟ."

ಮುಂದಿನ ಸಲ ಅವ್ವ ತಾನೇ ಡಾಕ್ಟರಮ್ಮನಿಗೆ ಇದನ್ನೆಲ್ಲ ಹೇಳಿದಳು. ಅವರು ಬೈಯಲಿಲ್ಲ. ಚಿಕ್ಕಂದಿನಲ್ಲಿ ಹೊಕ್ಕ ರೋಗಾಣು ವರ್ಷಗಟ್ಟಲೆ ಸುಮ್ಮನೆ ಮಲಗಿರಬಹುದು, ಕಣ್ಣಿನ ಟಿಬಿ ಇನ್ನೊಬ್ಬರಿಗೆ ಅಂಟುವುದಿಲ್ಲ ಎಂದು ಬಿಡಿಸಿ ಹೇಳಿದರು. ಸರ್ಕಾರಿ ಆಸ್ಪತ್ರೆಯಿಂದ ಟಿಬಿ ಮಾತ್ರೆ ಶುರುವಾಯಿತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅದರಲ್ಲೊಂದು ಮಾತ್ರೆ ಕಣ್ಣಿನ ನರಕ್ಕೇ ತೊಂದರೆ ಕೊಡಬಹುದೆಂದು ಹೋದಾಗಲೆಲ್ಲ ಬಣ್ಣ ಗುರುತಿಸುವ ಪರೀಕ್ಷೆ ಮಾಡುತ್ತಿದ್ದರು. ನಾನು ಮಾತ್ರೆ ನುಂಗುವವರೆಗೆ ಅವ್ವ ಕದಲುತ್ತಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡರೂ ಬೆಚ್ಚಿ ತಿರುಗುತ್ತಿದ್ದಳು.

ತಿಂಗಳುಗಳ ಮೇಲೆ ಹೊಗೆ ಕರಗಿತು. ನಟ್ಟನಡುವೆ ಬೂದು ಕಲೆಯೊಂದು ಉಳಿದಿದೆ; ಅದು ಹೋಗುವುದಿಲ್ಲವಂತೆ. ಆ ಕಣ್ಣೊಂದರಲ್ಲೇ ನೋಡಿದರೆ ಎದುರಿಗಿರುವವರ ಮೈ ಕಾಣುತ್ತದೆ, ಮುಖ ಕಾಣುವುದಿಲ್ಲ.

ಅವ್ವ ಈಗ ತಮ್ಮನ ವಿಷಯ ತಾನಾಗಿಯೇ ಎತ್ತುತ್ತಾಳೆ. ನೇಯುವಾಗ ಅವನೂ ನನ್ನ ಹಾಗೆಯೇ ಗುನುಗುತ್ತಿದ್ದನಂತೆ. ಅದನ್ನು ಕೇಳಿದ ಮೇಲೆ ನನಗೆ ಗುನುಗಲು ಆಗುತ್ತಿಲ್ಲ.