ರಕ್ತ ಕಾಣದ ಮೂವತ್ತೊಂದು ದಿನ

ಆ ಸೆಪ್ಟೆಂಬರಿನಲ್ಲಿ ಹತ್ತೊಂಬತ್ತು ದಿನ ರಕ್ತ ಬಂದಿತ್ತು. ಹಲ್ಲುಜ್ಜಿ ಉಗುಳಿದ್ದು ಕೆಂಪಗೆ ಕಂಡರೆ ಡೈರಿಯಲ್ಲಿ ಆ ತಾರೀಖಿನ ಪಕ್ಕ ಒಂದು ಗೆರೆ ಎಳೆಯುತ್ತಿದ್ದೆ. ಎಪ್ಪತ್ತರ ದಶಕದ ಆರಂಭ, ನನಗಾಗ ಇಪ್ಪತ್ತೆರಡು. ಘಾಟ್ಕೋಪರ್‌ನ ನಮ್ಮ ಚಾಳಿನಲ್ಲಿ ಇಡೀ ಮಾಳಿಗೆಗೆ ಒಂದೇ ನಲ್ಲಿ, ಏನನ್ನೂ ಮುಚ್ಚಿಡುವಂತಿರಲಿಲ್ಲ. ಪಕ್ಕದ ಖೋಲಿಯ ಬೆಳಗಾವಿ ಕಾಕಾ ಮೋರಿಯತ್ತ ನೋಡಿ, “ಏನೋ ತಮ್ಮಾ, ಮುಂಜಾನೆ ಎದ್ದ ಕೂಡ್ಲೆ ಪಾನ್ ಹಾಕೀಯೇನು?” ಎಂದು ನಗುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ಮೂವತ್ತೆಂಟನೆಯ ವಯಸ್ಸಿಗೇ ಅಪ್ಪನ ಬಾಯಲ್ಲಿ ಒಂದೂ ಹಲ್ಲು ಉಳಿದಿರಲಿಲ್ಲ. ಅಜ್ಜನಿಗೂ ಹಾಗೆಯೇ ಆಗಿತ್ತಂತೆ. ವಿಜಾಪುರದಿಂದ ತಂದಿದ್ದ ಅಜ್ಜನ ಫೋಟೋದಲ್ಲಿ ಕೂದಲು ಕಪ್ಪು, ಕೆನ್ನೆ ಮಾತ್ರ ಮುದುಕನದು. ಆ ಬಾಯಿ ನನ್ನೊಳಗೆ ಎಲ್ಲೋ ಕಾದು ಕೂತಿದೆ ಅನ್ನಿಸುತ್ತಿತ್ತು. ಮೂವತ್ತೆಂಟರಲ್ಲಿ ಇಪ್ಪತ್ತೆರಡು ಕಳೆದು, ‘ಹದಿನಾರು’ ಎಂದು ಬರೆದಿಟ್ಟಿದ್ದೆ.

“ರಕ್ತ ಬರೋ ಜಾಗಾ ಕೆದರಬ್ಯಾಡೋ,” ಅಂದರು ಅಪ್ಪ. “ಬ್ರಶ್ ಬಿಡು. ಉಪ್ಪುನೀರಿಲೆ ಬಾಯಿ ಮುಕ್ಕಳಿಸು, ಸಾಕು. ನಾನೂ ಹಂಗ ಮಾಡಿದ್ದೆ.”

ಆ ಕೊನೆಯ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅಕ್ಟೋಬರ್ ಒಂದರಿಂದ ಬ್ರಶ್ ಬಿಟ್ಟೆ. ತಿಂಗಳಿಡೀ ಒಂದು ಗೆರೆಯೂ ಇಲ್ಲ. ಹದಿನಾಲ್ಕರ ತಂಗಿಯ ಒಸಡೂ ಆಗಾಗ ಕೆಂಪಾಗುತ್ತಿತ್ತು. ಲೆಕ್ಕ ತೋರಿಸಿ ಅವಳ ಬ್ರಶ್ಶನ್ನೂ ಬಿಡಿಸಿದೆ, ಅವಳ ಹೆಸರಿನಲ್ಲಿ ಬೇರೆ ಪುಟ ತೆರೆದೆ.

ನವೆಂಬರಿನಲ್ಲಿ ರೊಟ್ಟಿ ಕಚ್ಚುವಾಗ ಕೆಳಗಿನ ಮುಂದಿನ ಹಲ್ಲು ಅಲುಗಿತು.

ಸ್ಟೇಷನ್ ಬಳಿಯ ಹಲ್ಲಿನ ಡಾಕ್ಟರು ನನ್ನ ಡೈರಿಯ ಅಕ್ಟೋಬರ್ ಪುಟಗಳನ್ನು ಬಹಳ ಹೊತ್ತು ನೋಡಿದರು. ರಕ್ತ ನಿಂತದ್ದು ರೋಗ ವಾಸಿಯಾಗಿ ಅಲ್ಲ, ಬ್ರಶ್ ತಾಗದೆ ಇದ್ದುದರಿಂದ ಎಂದು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಒಸಡಿನ ಅಡಿಯ ಕೊಳೆ ವರ್ಷಗಳಿಂದ ಮೂಳೆ ತಿನ್ನುತ್ತಿತ್ತು, ಬ್ರಶ್ ಬಿಟ್ಟ ಮೇಲೆ ಅದನ್ನು ತಡೆಯುವವರೇ ಇರಲಿಲ್ಲ. ಅಪ್ಪನ ವಿಷಯ ಕೇಳಿದರು, ಅಜ್ಜನದೂ ಕೇಳಿದರು. ಕೆಲವು ಮನೆತನಗಳ ಒಸಡು ಬೇಗ ಸೋಲುತ್ತದೆ, ಅಂಥವರು ಉಳಿದವರಿಗಿಂತ ಹೆಚ್ಚು ಜೋಪಾನ ಮಾಡಬೇಕು, ನೀವು ಇದ್ದದ್ದನ್ನೂ ಬಿಟ್ಟಿರಿ ಅಂದರು. ಮನೆಯಲ್ಲಿ ಇನ್ಯಾರಿದ್ದಾರೆ ಎಂದು ಕೇಳಿದಾಗ, ತಂಗಿ ಅಂದೆ. ಅವಳ ಪುಟವನ್ನು ತೋರಿಸಲು ಕೈ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಕೈಗೆ ಹೊಸ ಬ್ರಶ್ ಕೊಟ್ಟು ನಲ್ಲಿಯ ಬಳಿ ಕೂರಿಸಿದೆ. ಮೊದಲ ಉಗುಳೇ ಕೆಂಪು.

“ಅಣ್ಣಾ, ಬಂತು. ಬಿಡ್ಲೇನು?”

“ಬ್ಯಾಡ. ಮೆತ್ತಗ ಉಜ್ಜು.”

“ನನ್ನ ಹಲ್ಲೂ ಅಪ್ಪನ ಹಂಗ ಹೋಗ್ತಾವೇನು?”

ಅದನ್ನು ಡಾಕ್ಟರು ಹೇಳಿರಲಿಲ್ಲ. “ಉಜ್ಜು,” ಅಂದೆ ಮತ್ತೆ. ಅವಳು ಅಳುತ್ತಲೇ ಉಜ್ಜಿದಳು. ಖೋಲಿಯ ಬಾಗಿಲಲ್ಲಿ ನಿಂತಿದ್ದ ಅಪ್ಪ ಅವಳು ಇನ್ನೊಮ್ಮೆ ಉಗುಳಿದ್ದನ್ನು ನೋಡಿದರು. ಬಾಯಿಗೆ ಅಂಗೈ ಅಡ್ಡ ಹಿಡಿದು ಒಳಗೆ ಹೋದರು.