ಸೀರೆ ಉಟ್ಟ ಕಂಬಗಳು

ಗೆಳೆಯರೇ, ಇವತ್ತು ನಮ್ಮ ಮನೆಯ ಕಂಬಗಳಿಗೆ ಲಾರಿ ಡ್ರೈವರ್ ಒಬ್ಬ ಕೈ ಮುಗಿದ.

ಗಣಿ ಧಣಿಗಳ ಬಂಗಲೆ ನೋಡಿ ಹಾಕಿಸಿದ್ದ ಫೈಬರ್ ಕಂಬಗಳವು. ಹಳೇ ಬಣ್ಣ ಕೆರೆಸಿ ಬಿಳಿ ಹಚ್ಚಿಸುತ್ತಿದ್ದೆ. ಅದಿರಿನ ಲಾರಿ ಹೋದಾಗಲೆಲ್ಲ ಹಸಿ ಬಣ್ಣಕ್ಕೆ ಕೆಂಪು ಧೂಳು ಮೆತ್ತುತ್ತಿತ್ತು. ಎರಡು ಸಲ ಉಜ್ಜಿ ತೆಗೆದ ಪೇಂಟರ್ ಖಾಸಿಂಸಾಬರು, ಕೊನೆಗೆ ನನ್ನ ಹೆಂಡತಿಯ ಹಳೇ ಸೀರೆಗಳನ್ನು ಇಸಿದುಕೊಂಡು ಕಂಬಗಳ ಸುತ್ತ ಪರದೆ ಕಟ್ಟಿದರು.

ಡ್ರೈವರ್ ಲಾರಿ ನಿಧಾನ ಮಾಡಿ, "ಒಳಗ ಯಾವ ದೇವರ್ರಿ ಅಣ್ಣಾ?" ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಖಾಸಿಂಸಾಬರು ತೋಳು ಹಿಡಿದರು. "ಸುಮ್ನಿರ್ರಿ ಮಾಲಕ್ರ. ಮುಂಜಾನಿಂದ ಮೆಲ್ಲಕ ಹೋದಾವ ಇವನೊಬ್ನ."

ಆಮೇಲೆ ಬಂದ ಲಾರಿಗಳೂ ಮೆಲ್ಲಗೇ ಹೋದವು; ಧೂಳು ಅಷ್ಟಾಗಿ ಏಳಲಿಲ್ಲ. ಸಂಜೆ ಬಣ್ಣ ಒಣಗಿತು. ಸೀರೆ ಬಿಚ್ಚಲು ಹೋದರೆ, ಎದುರುಮನೆಯ ಅಜ್ಜಿ ಕೆಮ್ಮುತ್ತಲೇ ಓಡಿ ಬಂದರು.

"ಬಿಚ್ಚಬ್ಯಾಡಪಾ. ಬೇಕಾದ್ರ ನಂದೂ ಒಂದು ಸೀರಿ ಕೊಡ್ತೀನಿ."