ಬಾಗಿಲು ಹಾಕಿ ಮಾಡುವ ಕಣ್ಣಿನ ಕೆಲಸ

ಕೂಡ್ಲಿಗಿ ಸೀಮೆಯಲ್ಲಿ ಮದುಮಗಳ ಕಣ್ಣು ತಿದ್ದುವುದರಲ್ಲಿ ಮೆಹನಾಜಳನ್ನು ಮೀರಿಸುವವರಿಲ್ಲ ಎಂದು ಹದಿನಾಲ್ಕು ವರ್ಷಗಳಿಂದ ಹೇಳಿಕೊಂಡು ಬಂದವಳು ಮೆಹನಾಜಳೇ. ಒಂದೇ ಮಾತನ್ನು ಅಷ್ಟು ವರ್ಷ ಬಿಡದೆ ಹೇಳಿದರೆ ಕೇಳುವವರಿಗೂ ಬೇಸರ ಬಂದು ಒಪ್ಪಿಕೊಂಡುಬಿಡುತ್ತಾರೆ. ಹಾಗಾಗಿ ಲಗ್ನದ ಕಾಲ ಬಂತೆಂದರೆ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಎಂದು ಆಕೆಯ ಮೇಕಪ್ ಪೆಟ್ಟಿಗೆ ಬಸ್ಸು ಹತ್ತಿ ಇಳಿಯುತ್ತಲೇ ಇರುತ್ತಿತ್ತು. ಪೆಟ್ಟಿಗೆಯೂ ದೊಡ್ಡದು, ಒಡತಿಯ ಜಂಬವೂ ದೊಡ್ಡದು. ಪುಣ್ಯಕ್ಕೆ ಕಂಡಕ್ಟರು ಪೆಟ್ಟಿಗೆಗೆ ಮಾತ್ರ ಲಗೇಜು ಹಾಕುತ್ತಿದ್ದ.

ಈ ಜಂಬ ತವರಿನಿಂದ ಬಂದ ಆಸ್ತಿ. ಅಪ್ಪ ದಸ್ತಗಿರಿ ಸಂತೆ ಸಂತೆ ತಿರುಗಿ ಸುರ್ಮಾ, ಅತ್ತರು, ಬಳೆ ಮಾರುತ್ತಿದ್ದವನು. ಗಿರಾಕಿಯ ಕಣ್ಣಿಗೆ ತಾನೇ ಸುರ್ಮಾದ ಕಡ್ಡಿ ಎಳೆದು ಕನ್ನಡಿ ಹಿಡಿಯುತ್ತಿದ್ದ. ಕೊಳ್ಳದೆ ಎದ್ದು ಹೋದವರನ್ನು ಕಣ್ಣಿದ್ದೂ ಕುರುಡರು ಎಂದು ಬೈಯುತ್ತಿದ್ದ. ಮಗಳು ಅದೇ ವ್ಯಾಪಾರವನ್ನು ಗಾಜಿನ ಬಾಗಿಲೊಳಗೆ ತಂದಳು. ಮುಂದೆ ಫ್ಯಾನ್ಸಿ ಸ್ಟೋರು, ಪರದೆಯ ಹಿಂದೆ ಒಂದು ಕುರ್ಚಿ ಒಂದು ಕನ್ನಡಿಯ ಪಾರ್ಲರು. ಹೊಸಪೇಟೆಯಲ್ಲಿ ಹದಿನೈದು ದಿನ ಕಲಿತದ್ದು, ಮಿಕ್ಕಿದ್ದೆಲ್ಲ ಫೋನಿನಲ್ಲಿ ನೋಡಿ ಕಲಿತದ್ದು. ಕೇಳಿದವರಿಗೆ ಮಾತ್ರ ಇದೆಲ್ಲ ಹುಟ್ಟುತ್ತಲೇ ಬಂದ ಕೈಗುಣ ಎನ್ನುತ್ತಿದ್ದಳು.

ಹಾಗೆಂದು ಕೆಲಸ ಬರುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಸ್ಕಾರ ಕೊಳ್ಳಲು ಬಂದ ಹುಡುಗಿಯ ಮುಖ ನೋಡಿಯೇ, ನಿನ್ನ ರೆಪ್ಪೆಗೂದಲು ತೆಳು, ದಪ್ಪ ಮಾಡುವುದನ್ನು ತಗೊ, ನಿನ್ನದು ನೆಟ್ಟಗಿದೆ, ಮೊದಲು ಇಕ್ಕಳದಿಂದ ಬಾಗಿಸಿ ಆಮೇಲೆ ಹಚ್ಚು, ಹಚ್ಚಿದ ಮೇಲೆ ಬಾಗಿಸಲು ಹೋದರೆ ಕೂದಲು ಕಿತ್ತು ಕೈಗೆ ಬರುತ್ತದೆ ಎಂದು ವಿಂಗಡಿಸಿ ಕೊಡುತ್ತಿದ್ದಳು. ಬ್ರಷ್ಷನ್ನು ಸೈಕಲ್ಲಿಗೆ ಗಾಳಿ ಹೊಡೆದಂತೆ ಒಳಗೆ ಹೊರಗೆ ಆಡಿಸಬಾರದು, ಒಳಗಿನದು ಒಣಗುತ್ತದೆ. ತಿರುಗಿಸಿ ಮೆಲ್ಲಗೆ ತೆಗೆಯಬೇಕು. ತುದಿಗೆ ಮೆತ್ತಿಕೊಂಡದ್ದನ್ನು ಒರೆಸಿ, ಬುಡದಿಂದ ಅತ್ತಿತ್ತ ಅಲ್ಲಾಡಿಸುತ್ತ ಮೇಲಕ್ಕೆ ಎಳೆಯಬೇಕು. ಕಣ್ಣು ಮಿಟುಕಿಸಿ ಎಲ್ಲಾದರೂ ಚುಕ್ಕೆ ಬಿದ್ದರೆ ಹಸಿಯಿದ್ದಾಗ ಮುಟ್ಟಬಾರದು, ಒಣಗಿದ ಮೇಲೆ ಹತ್ತಿಯ ಕಡ್ಡಿಯಿಂದ ತೆಗೆದರೆ ಗುರುತೂ ಉಳಿಯುವುದಿಲ್ಲ. ಒಬ್ಬರದನ್ನು ಇನ್ನೊಬ್ಬರು ಹಚ್ಚಿಕೊಳ್ಳಬಾರದು, ಒಡಹುಟ್ಟಿದ ಅಕ್ಕತಂಗಿಯರಾದರೂ ಸರಿ. ಇಷ್ಟೆಲ್ಲ ಬಲ್ಲವಳಿಗೆ ಇದ್ದ ಕೊರತೆ ಒಂದೇ. ಹತ್ತಿರದ್ದು ಯಾವುದೂ ಕಾಣುತ್ತಿರಲಿಲ್ಲ.

ದೂರದ ಬಸ್ಸಿನ ಬೋರ್ಡು ಓದುತ್ತಿದ್ದಳು, ಕೈಯಲ್ಲಿದ್ದ ಟಿಕೆಟ್ಟು ಓದಲಾರಳು. ನಲವತ್ತೈದು ದಾಟಿದ ಮೇಲೆ ಎಲ್ಲರಿಗೂ ಆಗುವುದೇ. ಗಂಡ ಅಸ್ಲಂ ಸುಟ್ಟ ಪಂಪಿನ ಮೋಟರು ಬಿಚ್ಚಿ ತಂತಿ ಸುತ್ತಿ ಕೊಡುವವನು. ಅವನು ನಲವತ್ತಕ್ಕೇ ಕನ್ನಡಕ ತಂದು, ದಾರ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡಿದ್ದ. ಹೆಂಡತಿಗೆ ನೀನೂ ಒಂದು ಮಾಡಿಸಿಕೊ ಎಂದು ಹೇಳಿ ಹೇಳಿ ಸಾಕಾಗಿ ಒಂದು ದಿನ, "ನಾ ಮೋಟ್ರಿಗೆ ಕನ್ನಡಕ ಹಾಕ್ಕಂತೀನಿ, ನೀ ಮಂದಿ ಕಣ್ಣಿಗೆ ಬರಿಗಣ್ಣಾಗ ಕೈ ಹಾಕ್ತಿ. ಯಾವುದು ಸುಟ್ರ ಮತ್ತ ಸುತ್ತಾಕ ಬರತೈತಿ, ನೀನ ಹೇಳು" ಎಂದ.

ಮಾತು ನಾಟಿತು. ಆದರೆ ಮೆಹನಾಜಳ ಮಾನ ದೊಡ್ಡದು. ಕೂಡ್ಲಿಗಿಯಲ್ಲಿ ತೋರಿಸಿದರೆ ಗುರುತಿನವರು ನೋಡುತ್ತಾರೆಂದು ಹರಪನಹಳ್ಳಿಗೆ ಹೋಗಿ, ಉಚಿತ ನೇತ್ರ ತಪಾಸಣೆಯ ಸಾಲಿನಲ್ಲಿ ಮುಖದ ತುಂಬ ಸೆರಗು ಹೊದ್ದು ನಿಂತಳು. ಹೆಸರು ಕೇಳಿದಾಗ ಬಾಯಿಗೆ ಬಂದದ್ದು ಅತ್ತೆಯ ಹೆಸರು, ಅಜೀಜಬಿ. ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು. ಬದುಕಿದ್ದಾಗ ಅತ್ತೆಗೆ ಒಂದು ಹಲ್ಲುಪುಡಿ ತಂದುಕೊಡದ ಸೊಸೆ ಸತ್ತ ಮೇಲೆ ಕನ್ನಡಕ ಮಾಡಿಸಿಕೊಟ್ಟಳು ಎಂದು ಈಗ ತನ್ನನ್ನು ತಾನೇ ಆಡಿಕೊಳ್ಳುತ್ತಾಳೆ.

ಅಷ್ಟೊಂದು ಮುಚ್ಚಿಡುವುದಕ್ಕೆ ಕಾರಣವಿತ್ತು. ಬಸ್ ನಿಲ್ದಾಣದ ಬಳಿ ದಾವಣಗೆರೆಯಲ್ಲಿ ಕಲಿತು ಬಂದ ಇಪ್ಪತ್ನಾಲ್ಕರ ಹುಡುಗಿಯೊಬ್ಬಳು ಪಾರ್ಲರು ತೆರೆದಿದ್ದಳು. ಅವಳ ಮುಂದೆ ಮೆಹನಾಜ ಕನ್ನಡಕ ಏರಿಸಿಕೊಂಡು ನಿಂತರೆ, ಪಾಪ ಮುದುಕಿ ಎಂದು ಜನ ಮರುಗಿ ಆ ಹುಡುಗಿಯ ಕಡೆ ನಡೆಯುತ್ತಾರೆ. ಕಣ್ಣು ಕಾಣದವಳ ಕೈಗೆ ಮಗಳ ಕಣ್ಣನ್ನು ಯಾವ ತಾಯಿ ಕೊಟ್ಟಾಳು? ಈ ಭಯಕ್ಕೇ ದಿನಾ ಬೆಳಿಗ್ಗೆ ತನ್ನ ರೆಪ್ಪೆಗೆ ಅಗ್ಗದ ಮಸ್ಕಾರ, ಕಿವಿಯ ಮೇಲಿನ ನರೆಗೂದಲಿಗೆ ಕಪ್ಪು ತೀಡಿಕೊಳ್ಳುತ್ತಿದ್ದಳು.

ಅದಕ್ಕೊಂದು ಉಪಾಯ ಹೂಡಿದಳು. ಕಣ್ಣಿನ ಕೆಲಸ ಮಾಡುವಾಗ ಮಂದಿ ಇದ್ದರೆ ಕೈ ನಡುಗುತ್ತದೆ ಎಂದು ಎಲ್ಲರನ್ನೂ ಹೊರಗಟ್ಟಿ ಚಿಲಕ ಹಾಕುವುದು. ಮದುಮಗಳಿಗೆ ನಾನು ಹೇಳುವ ತನಕ ಕಣ್ಣು ಬಿಡಬೇಡ ಎನ್ನುವುದು. ಅವಳು ಕಣ್ಣು ಮುಚ್ಚಿದೊಡನೆ ಕನ್ನಡಕ ಹೊರಗೆ ಬರುತ್ತಿತ್ತು. ರೆಪ್ಪೆಯ ಮೇಲೆ ಬಣ್ಣ, ಅಂಚಿಗೆ ಗೆರೆ, ಎರಡೂ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗದಂತೆ ಮುಗಿಯುತ್ತಿದ್ದವು. ಬಾಗಿಲು ಹಾಕಿ ಮಾಡುವ ಗುಟ್ಟಿನ ವಿದ್ಯೆ ಎಂದು ಊರಲ್ಲಿ ಹೆಸರೂ ಬಂತು. ಆದರೆ ಮಸ್ಕಾರ ಹಚ್ಚಲು ಮಾತ್ರ ಕಣ್ಣು ತೆರೆದಿರಲೇಬೇಕು. ಆಗ ಕನ್ನಡಕ ಟವೆಲ್ಲಿನ ಕೆಳಗೆ ಹೋಗುತ್ತಿತ್ತು, ಮೆಹನಾಜ ಅಂದಾಜಿನ ಮೇಲೆ ಹಚ್ಚುತ್ತಿದ್ದಳು. ಎರಡು ವರ್ಷ ಅಲ್ಲಾ ಕಾಪಾಡಿದ.

ಆಗ ಬಂದದ್ದು ಗಾದೆಮ್ಮನ ಮಗಳ ಲಗ್ನ. ಕಾನಹೊಸಹಳ್ಳಿ ಹತ್ತಿರ ಕುರಿ ಸಾಕಿಕೊಂಡಿದ್ದ ಮನೆ. ಮಗಳು ಶಿವಲೀಲಾ ಬಿ.ಎಡ್. ಮುಗಿಸಿದ್ದಳು, ಗಂಡು ಹಡಗಲಿ ಕಡೆಯವನು. ತಾಯಿ ಮಗಳು ಅಂಗಡಿಗೆ ಬಂದಾಗ ಗಾದೆಮ್ಮ ಕೇಳಿದ್ದು ಒಂದೇ, ಹೆಣ್ಣು ಒಪ್ಪಿಸುವ ಹೊತ್ತಿಗೆ ಹುಡುಗಿ ಅಳುತ್ತಾಳಲ್ಲ, ಕಣ್ಣಿನ ಮಸಿ ಕೆನ್ನೆಗೆ ಇಳಿಯಬಾರದು. ಮೆಹನಾಜ ನೀರಿಗೆ ಜಗ್ಗದ ಮಸ್ಕಾರವನ್ನು ಆರಿಸಿ, ಬಾವಿಗೆ ಬಿದ್ದು ಎದ್ದರೂ ಇದು ಹೋಗುವುದಿಲ್ಲ, ರಾತ್ರಿ ಕೊಬ್ಬರಿ ಎಣ್ಣೆಯಲ್ಲಿ ಒರೆಸಬೇಕು ಎಂದು ಹೇಳಿದಳು. ಶಿವಲೀಲಾ ನಕ್ಕು, ಅಷ್ಟು ಖರ್ಚು ಬೇಡ, ನಾನೇನು ಅಳುವುದಿಲ್ಲ, ಹಡಗಲಿ ಎಷ್ಟು ದೂರ ಎಂದಳು. ಗಾದೆಮ್ಮನ ಮುಖ ಸಣ್ಣದಾಯಿತು. ಹಿಂದೆಯೇ ಆಕೆ ತನ್ನ ತಮ್ಮನಿಗೂ ಮೂವರು ಹೆಣ್ಣುಮಕ್ಕಳಿದ್ದಾರೆ ಎಂದದ್ದರಿಂದ, ಮೆಹನಾಜ ಆ ಮುಖವನ್ನು ಅಷ್ಟಾಗಿ ಗಮನಿಸಲಿಲ್ಲ.

ಲಗ್ನದ ದಿನ ಕಲ್ಯಾಣ ಮಂಟಪದ ಕೋಣೆಯಲ್ಲಿ ಶಿವಲೀಲಾ ಚಟ್ನಿ ನೆಂಚಿಕೊಂಡು ನಾಲ್ಕು ಇಡ್ಲಿ ತಿಂದಳು. ಸೋದರತ್ತೆ ಅನ್ನದಾನಮ್ಮ ಬಾಗಿಲಲ್ಲಿ ನಿಂತು, ತವರು ಬಿಡುವ ಹುಡುಗಿಗೆ ಗಂಟಲಲ್ಲಿ ಇಡ್ಲಿ ಇಳಿಯುವುದುಂಟೇ, ಕಣ್ಣಲ್ಲಿ ಒಂದು ಹನಿ ಇಲ್ಲ, ಕಲ್ಲು ಎದೆಯವಳು ಎಂದು ಬಂದವರಿಗೆಲ್ಲ ಕೇಳುವಂತೆ ಹೇಳಿದಳು. ಆ ಕಡೆ ಇದು ದೊಡ್ಡ ಮಾತು. ಒಪ್ಪಿಸುವಾಗ ಎಷ್ಟು ಅತ್ತಳು ಎಂಬುದರ ಮೇಲೆಯೇ ಹೆತ್ತವರು ಎಷ್ಟು ಚೆನ್ನಾಗಿ ಸಾಕಿದರು ಎಂದು ಅಳೆಯುತ್ತಾರೆ. ಗಾದೆಮ್ಮ ಕೇಳಿಯೂ ಕೇಳದವಳಂತೆ ಓಡಾಡುತ್ತಿದ್ದಳು.

ಮೆಹನಾಜ ಕನ್ನಡಿಯಲ್ಲಿ ತನ್ನ ಕಿವಿಯ ಮೇಲಿನ ನರೆಗೆ ಒಮ್ಮೆ ಕಪ್ಪು ತೀಡಿಕೊಂಡು, ಎಲ್ಲರನ್ನೂ ಹೊರಗೆ ಕಳಿಸಿ ಚಿಲಕ ಹಾಕಿದಳು. ಕನ್ನಡಕ ಹೊರಬಂತು. ಗೆರೆ ಎಳೆದದ್ದು ಎಷ್ಟು ಚೆಂದ ಬಂತೆಂದರೆ ತನ್ನ ಕೈಗೆ ತಾನೇ ಮುತ್ತಿಡಬೇಕೆನಿಸಿತು. ಆಮೇಲೆ ಕನ್ನಡಕ ಟವೆಲ್ಲಿನ ಕೆಳಗೆ ಹೋಯಿತು. ಕಣ್ಣು ಬಿಡು, ಕೆಳಗೆ ನೋಡು ಎಂದು ಕೈಗೆ ಸಿಕ್ಕ ಕರಿ ಕೊಳವೆಯನ್ನು ತಿರುಗಿಸಿ, ಬುಡದಿಂದ ತುದಿಗೆ, ಎರಡೂ ಕಣ್ಣಿಗೆ ಎರಡೆರಡು ಸಲ ಹಚ್ಚಿದಳು.

ಶಿವಲೀಲಾ ಉರಿಯುತ್ತದೆ ಎಂದಳು. ಹೊಸ ಕಂಪನಿಯದು, ಮೊದಲು ಸ್ವಲ್ಪ ಹಾಗೆ ಎಂದಳು ಮೆಹನಾಜ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಷ್ಟರಲ್ಲಿ ಹುಡುಗಿಯ ಕಣ್ಣಿಂದ ಕರಿ ನೀರು ಧಾರೆಯಾಗಿ ಇಳಿಯತೊಡಗಿತು. ಬಾವಿಗೆ ಬಿದ್ದರೂ ಹೋಗದ ಮಸ್ಕಾರ ಹೀಗೆ ಹರಿಯುವುದು ಹೇಗೆ? ಮೆಹನಾಜ ಮಾನ ಮರೆತು ಕನ್ನಡಕ ಹಾಕಿಕೊಂಡು ಕೊಳವೆಯ ಮೇಲಿದ್ದುದನ್ನು ಓದಿದಳು. ಅದು ಆಕೆ ಈಗಷ್ಟೇ ತನ್ನ ನರೆಗೆ ತೀಡಿಕೊಂಡ ಕಪ್ಪು. ಬ್ರಷ್ಷೂ ಅಂಥದೇ, ಮುಚ್ಚಳವೂ ಅಂಥದೇ. ಕಣ್ಣಿನ ಹತ್ತಿರ ಬಳಸಬಾರದು ಎಂದು ಇರುವೆ ಗಾತ್ರದ ಅಕ್ಷರಗಳಲ್ಲಿ ಬರೆದಿತ್ತು.

ಆಕೆ ಹೆದರಿದಳು. ಅಸ್ಲಂ ಆಡಿದ ಮಾತು ನೆನಪಾಯಿತು. ಕುಡಿಯುವ ನೀರಿನ ಬಾಟಲಿ ತೆರೆದು ಹುಡುಗಿಯ ತಲೆ ಬಗ್ಗಿಸಿ ಕಣ್ಣು ತೊಳೆದಳು. ಮತ್ತೆ ತೊಳೆದಳು. ಹೊರಗೆ ಅನ್ನದಾನಮ್ಮ ಮುಹೂರ್ತ ಮೀರುತ್ತದೆಂದು ಬಾಗಿಲು ಬಡಿಯುತ್ತಿದ್ದರೂ ನಾಲ್ಕು ಬಾಟಲಿ ಮುಗಿಯುವ ತನಕ ನಿಲ್ಲಿಸಲಿಲ್ಲ. ಹತ್ತಿ ನೆನೆಸಿ ಒಂದೊಂದೇ ರೆಪ್ಪೆಗೂದಲನ್ನು ಒರೆಸಿದಳು. ಗೋಡೆಯ ಮೇಲಿನ ಕ್ಯಾಲೆಂಡರ್ ಓದಿಸಿದಳು. ತಾರೀಖು, ತಿಥಿ, ರಾಹುಕಾಲ ಎಲ್ಲವನ್ನೂ ಶಿವಲೀಲಾ ತಪ್ಪಿಲ್ಲದೆ ಓದಿದ ಮೇಲೆಯೇ ಮೆಹನಾಜ ಉಸಿರುಬಿಟ್ಟದ್ದು. ಉರಿ ಇಳಿದಿತ್ತು, ಕಣ್ಣು ಮಾತ್ರ ಕೆಂಪಗೆ ಬಾತಿದ್ದವು.

ಶಿವಲೀಲಾ ಆಕೆಯ ಮುಖ ನೋಡಿ, "ನಿಮಗ ಕನ್ನಡಕ ಐತೇನ್ರಿ ಆಂಟಿ? ಮೊದಲ ಹಾಕ್ಕಂಡಿದ್ರ ಆಗ್ತಿತ್ತಲ್ಲ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಎರಡು ವರ್ಷದ ಉಪಾಯ, ಸತ್ತ ಅತ್ತೆಯ ಹೆಸರು, ಚಿಲಕ, ಟವೆಲ್ಲು, ಎಲ್ಲಕ್ಕೂ ಸೇರಿ ಒಂದು ಹುಡುಗಿ ಕೇಳಿದ್ದು ಇಷ್ಟೇ. ಮೆಹನಾಜ ಕಣ್ಣಿಗೆ ಇನ್ನೇನನ್ನೂ ಮುಟ್ಟಿಸದೆ, ಕುಂಕುಮ ತಿದ್ದಿ, ಕನ್ನಡಕವನ್ನು ಮತ್ತೆ ಬಚ್ಚಿಟ್ಟು ಬಾಗಿಲು ತೆರೆದಳು. ನಾಯಿ ಬಾಲ ಡೊಂಕು.

ಹೊರಗೆ ಆದದ್ದೇ ಬೇರೆ. ಕೆಂಪು ಕಣ್ಣು ನೋಡಿದ ಅನ್ನದಾನಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡು, ಒಳಗೊಳಗೇ ಎಷ್ಟು ಅತ್ತಿದೆ ನೋಡಿರೇ ಕೂಸು ಎಂದು ತಾನೇ ಅಳತೊಡಗಿದಳು. ಆ ಮಾತು ಅಡುಗೆ ಮನೆಯವರೆಗೂ ಹೋಯಿತು. ಗಾದೆಮ್ಮ ಓಡಿ ಬಂದು ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ ನೆಟಿಗೆ ಮುರಿದಳು. ಮಧ್ಯಾಹ್ನ ಹೆಣ್ಣು ಒಪ್ಪಿಸುವಾಗ ಹೆದ್ದಾರಿಯ ಗಾಳಿಗೆ ಶಿವಲೀಲಾಳ ಕಣ್ಣಲ್ಲಿ ಮತ್ತೆ ನೀರು ಬಂತು, ಬಂದ ಹೆಂಗಸರೆಲ್ಲ ಅತ್ತರು. ಕಾರು ಹತ್ತುವ ಮುಂಚೆ ಅವಳು ಮೆಹನಾಜಳ ಕಿವಿಯಲ್ಲಿ, ಅವ್ವನಿಗೆ ಖುಷಿಯಾಗಿದೆ, ಹೇಳಬೇಡಿ ಎಂದಳು.

ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು. ಆದರೆ ಕಾರು ಹೋದ ಮೇಲೆ ಗಾದೆಮ್ಮ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಹಿಡಿದು ಊಟದ ಮನೆಗೆ ಉಡಿ ತುಂಬಲು ಬಂದು, ಅಷ್ಟು ಅತ್ತರೂ ಒಂದು ಹನಿ ಮಸಿ ಹರಿಯಲಿಲ್ಲ, ನಿನ್ನ ಕೈಗುಣ ದೊಡ್ಡದು, ತಮ್ಮನ ಮಕ್ಕಳಿಗೂ ನೀನೇ ಬರಬೇಕು ಎಂದಳು. ಅಷ್ಟು ದೊಡ್ಡ ಹೊಗಳಿಕೆಯನ್ನು ನುಂಗುವ ಗಂಟಲು ಮೆಹನಾಜಳಿಗೂ ಇರಲಿಲ್ಲ. ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. "ಯಕ್ಕಾ, ನನಗ ಹತ್ರದ್ದು ಕಾಣಂಗಿಲ್ಲ. ನರೆಗೂದಲಿಗೆ ಹಚ್ಚೋದನ್ನ ನಿನ್ನ ಮಗಳ ಕಣ್ಣಿಗೆ ಹಚ್ಚಿಬಿಟ್ಟೆ. ಅಕಿ ಅತ್ತಿದ್ದಲ್ಲ, ಉರಿಗೆ ಬಂದ ನೀರದು" ಎಂದಳು. ಬೈಗುಳಕ್ಕೆ ಸಿದ್ಧಳಾಗಿ, ಸತ್ಯ ಹೇಳಿದೆನೆಂಬ ಸಣ್ಣ ಹೆಮ್ಮೆಯನ್ನೂ ಇಟ್ಟುಕೊಂಡು ನಿಂತಳು.

ಕನ್ನಡಕದಲ್ಲಿ ಗಾದೆಮ್ಮನ ಮುಖ ಒಂದೊಂದು ಗೆರೆಯೂ ಬಿಡದೆ ಕಂಡಿತು. ಆ ಮುಖ, ಮಗಳು ಅಳುವುದಿಲ್ಲ ಎಂದ ದಿನ ಅಂಗಡಿಯಲ್ಲಿ ಆದಷ್ಟೇ ಸಣ್ಣದಾಗಿತ್ತು.

"ಹೇಳಬೇಕಂದ್ರ ಆಗಲೇ ಮಂದಿ ಮುಂದ ಹೇಳಬೇಕಿತ್ತು, ಹೇಳಲಿಲ್ಲ. ಈಗ ನನ್ನೊಬ್ಬಾಕಿಗೆ ಹೇಳಬಾರದಿತ್ತು, ಹೇಳಿದಿ" ಎಂದಳು ಗಾದೆಮ್ಮ.

ಮೆಹನಾಜಳ ಹೆಮ್ಮೆ ಅಲ್ಲಿಯೇ ಕುಸಿಯಿತು. ಹಗುರಾಗಲು ಬಾಯಿಬಿಟ್ಟದ್ದು ತಾನು, ಭಾರ ಹೊತ್ತದ್ದು ಈ ತಾಯಿ. ಗಾದೆಮ್ಮ ಉಡಿಯ ಅಕ್ಕಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಹಳ ಉರಿಯಿತೇನು ಅವಳಿಗೆ ಎಂದು ಕೇಳಿದಳು. ಉರಿಯಿತು ಎಂದಳು ಮೆಹನಾಜ. ಗಾದೆಮ್ಮ ಸೆರಗಿನೊಳಗಿನ ಫೋನು ತೆಗೆದು ಮಗಳಿಗೆ ಹಚ್ಚಿಕೊಡೆಂದು ಆಕೆಯ ಕೈಗೆ ಕೊಟ್ಟಳು. ರಿಂಗಾಯಿತು. ಕಾರು ಇನ್ನೂ ದಾರಿಯಲ್ಲಿತ್ತು.

"ಯವ್ವಾ, ಕಣ್ಣು ಇನ್ನಾ ಉರಿಯಾಕತ್ತಾವೇನ?" ಎಂದು ಗಾದೆಮ್ಮ ಕೇಳಿದಳು.

ಆ ಕಡೆಯಿಂದ ಬಂದದ್ದು ಮಾತಲ್ಲ. ನಾಲ್ಕು ಇಡ್ಲಿ ತಿಂದ ಹುಡುಗಿ, ಹಡಗಲಿ ಎಷ್ಟು ದೂರ ಎಂದವಳು, ಬಿಕ್ಕಿ ಬಿಕ್ಕಿ ಅಳುವುದು ಫೋನಿನ ಹೊರಗೂ ಕೇಳುತ್ತಿತ್ತು. ಗಾದೆಮ್ಮ ಎಂಜಲೆಲೆಗಳ ನಡುವೆಯೇ ಕುಳಿತು, ಆಯಿತು, ಆಯಿತು, ನಾನು ಇಲ್ಲೇ ಇದ್ದೇನಲ್ಲ ಎಂದು ಫೋನನ್ನು ಕೆನ್ನೆಗೆ ಒತ್ತಿಕೊಂಡು ಹೇಳುತ್ತಲೇ ಇದ್ದಳು. ಮೆಹನಾಜ ಪಕ್ಕದಲ್ಲೇ ನಿಂತಿದ್ದಳು. ಪಾತ್ರೆ ತೆಗೆಯಲು ಬಂದ ಅನ್ನದಾನಮ್ಮ ಇಬ್ಬರನ್ನೂ ನೋಡಿ, ಮೊದಲು ಮುಖ ತೊಳೆದುಕೊ ಎಂದು ಮೆಹನಾಜಳಿಗೆ ನೀರು ತಂದುಕೊಟ್ಟಳು. ಅಂದು ಆ ಮಂಟಪದಲ್ಲಿ ಅತ್ತು ಮಸ್ಕಾರ ಗದ್ದದವರೆಗೂ ಇಳಿಸಿಕೊಂಡವಳು ಮೇಕಪ್ ಮಾಡಲು ಬಂದವಳೊಬ್ಬಳೇ.